ಇನ್ನೂರ ಹದಿನಾಲ್ಕನೇ ಗಾಡಿಯಲ್ಲಿ ಯಾರದೋ ಕಾಲು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹೊತ್ತಿಕೊಳ್ಳುತ್ತದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರುವ ಹೆಂಗಸಿಗೆ ಐವತ್ತೆರಡು ವರ್ಷ. ಇಡೀ ಆಫೀಸು ಅವರನ್ನು ಕರೆಯುವುದು ಬ್ರೇಕಕ್ಕ ಎಂದೇ. ಕೋಣೆಯ ನಡುವೆ ಒಂದು ಕಬ್ಬಿಣದ ಚೌಕಟ್ಟು. ಅದರ ಮೇಲೆ ಗುಜರಿಯಿಂದ ತಂದ ಕಾರಿನ ಸೀಟು, ಒಂದು ಸ್ಟೀರಿಂಗ್, ಒಂದು ಗೇರ್, ಕೆಳಗೆ ಮೂರು ಪೆಡಲ್. ಎದುರಿಗೆ ಗೋಡೆಯಷ್ಟಗಲದ ಪರದೆ. ಕಾರಿನ ಉಳಿದ ಯಾವ ಭಾಗವೂ ಇಲ್ಲಿಲ್ಲ.

ಬ್ರೇಕಕ್ಕ ಕೂತ ಕೂಡಲೇ ಅವರ ಎಡಗೈ ಮೇಲಕ್ಕೆ ಹೋಗುತ್ತದೆ, ಕನ್ನಡಿ ಸರಿಮಾಡಲು. ಅಲ್ಲಿ ಕನ್ನಡಿಯಿಲ್ಲ. ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು ಕೆಳಗಿಳಿಯುತ್ತದೆ. "ಹಳೇ ಚಾಳಿ. ಎಷ್ಟು ಬೈದ್ರೂ ಈ ಕೈಗೆ ಬುದ್ಧಿ ಬರಲ್ಲ" ಎಂದು ತಮ್ಮಷ್ಟಕ್ಕೇ ನಗುತ್ತಾರೆ. ಆಮೇಲೆ ಹೆಗಲ ಮೇಲಿನ ಹಳೆಯ ಟವೆಲನ್ನು ಮಡಚಿ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು, ತಡಕಾಡಿ ಗುಂಡಿಯೊತ್ತಿ ಗಾಡಿ ಹೊರಡಿಸುತ್ತಾರೆ.

ಪರದೆಯ ಮೇಲೆ ಕೆಂಪು ಬಣ್ಣದ ಚೂಪು ಮೂತಿಯ ಕಾರೊಂದು ಓಡತೊಡಗುತ್ತದೆ. ಅದನ್ನು ನೋಡುವವರು ಕೋಣೆಯಲ್ಲಿ ಯಾರೂ ಇಲ್ಲ. ಶಬ್ದವನ್ನೂ ಅವರು ಆರಿಸಿಬಿಟ್ಟಿದ್ದಾರೆ. ಕೇಳಿಸುವುದು ಸ್ಟೀರಿಂಗಿನೊಳಗಿನ ಮೋಟಾರಿನ ಸಣ್ಣ ಗುಂಯ್ ಸದ್ದು ಮಾತ್ರ. ಓಟದ ದಾರಿಯ ಹದಿನಾಲ್ಕು ತಿರುವುಗಳೂ ಅವರಿಗೆ ಬಾಯಿಪಾಠ. ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕುತ್ತಾರೆ: ಐದು, ಬಲ. ಆರು, ಬಲ. ಏಳು ಎಡಕ್ಕೆ ಮುರಿಯುವ ತಿರುವು, ಪಕ್ಕದಲ್ಲಿ ಎತ್ತರದ ಗೋಡೆ, ಆಚೆ ಏನಿದೆಯೆಂದು ಕಾಣುವುದಿಲ್ಲ. ಗಾಡಿ ಓಟಕ್ಕೆ ಬಿದ್ದ ಮೇಲೆ ಎಡಗಾಲನ್ನು ಕ್ಲಚ್ಚಿನಿಂದ ತೆಗೆದು ಬ್ರೇಕಿನ ಮೇಲೆ ಹಗುರವಾಗಿ ಇಟ್ಟಿದ್ದಾರೆ. ಒತ್ತಿಲ್ಲ. ಏಳನೇ ತಿರುವು ಹತ್ತಿರವಾಗುತ್ತದೆ.

ಅವರ ಪಾದದಡಿಯ ಪೆಡಲ್ ತಾನಾಗಿ ಕೆಳಗಿಳಿಯುತ್ತದೆ. ಮೊದಲು ಒಂದು ಬೆರಳಿನಷ್ಟು, ಆಮೇಲೆ ಇನ್ನೊಂದು ಬೆರಳಿನಷ್ಟು. ತಿರುವು ದಾಟಿದ ಮೇಲೆ ಮೆತ್ತಗೆ ಮೇಲೆ ಬರುತ್ತದೆ.

"ಬಂತು" ಎನ್ನುತ್ತಾರೆ ಬ್ರೇಕಕ್ಕ. ದಿನವೂ ಅದೇ ಹೊತ್ತಿಗೆ ಮನೆಗೆ ಬರುವ ಯಾರನ್ನೋ ಕುರಿತು ಹೇಳಿದ ಹಾಗೆ.

ಟಿವಿಯಲ್ಲಿ, ಫೋನಿನಲ್ಲಿ ಕಾರು ಓಡಿಸುವ ಆಟ ಆಡುವವರಿಗೆ ಲೆಕ್ಕವಿಲ್ಲ. ಆ ಕಾರುಗಳನ್ನು ಅಂಗಡಿಗೆ ಬರುವ ಮೊದಲು ಒಬ್ಬರು ಒಂದೊಂದಾಗಿ ಓಡಿಸಿ ನೋಡಿರುತ್ತಾರೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ಆಟ ಕಟ್ಟುವ ಈ ಕಂಪನಿಯಲ್ಲಿ ಆ ಕೆಲಸ ಬ್ರೇಕಕ್ಕನದು. ಹೊಸ ಆಟದಲ್ಲಿ ಮುನ್ನೂರು ಗಾಡಿಗಳಿವೆ: ರೇಸಿನ ಕಾರು, ಜೀಪು, ಲಾರಿ, ವ್ಯಾನು, ಆಂಬುಲೆನ್ಸು, ಕಸದ ಗಾಡಿ ಕೂಡ. ಹಿಂದಿನ ದಿನದ ರಿಪೇರಿಗಳೆಲ್ಲ ಸೇರಿ ಹೊಸ ಪ್ರತಿ ತಯಾರಾಗುವ ಹೊತ್ತಿಗೆ ಬೆಳಗಿನ ಜಾವ ನಾಲ್ಕಾಗಿರುತ್ತದೆ. ಉಳಿದವರು ಒಂಬತ್ತಕ್ಕೆ ಬರುವಷ್ಟರಲ್ಲಿ ಇವರ ವರದಿ ಮೇಜಿನ ಮೇಲಿರಬೇಕು. ದಿನಕ್ಕೆ ಇಪ್ಪತ್ತೆರಡು ಗಾಡಿ, ಒಂದೊಂದಕ್ಕೆ ಮೂರು ಸುತ್ತು. ಮೊದಲ ಸುತ್ತು ಕಣ್ಣು ಬಿಟ್ಟು, ಎರಡನೆಯದು ಕಣ್ಣು ಕಟ್ಟಿ, ಮೂರನೆಯದು ಅದರ ಜೊತೆಯ ಇನ್ನೊಂದು ಗಾಡಿಯೊಂದಿಗೆ ಹೋಲಿಸಿ. ಸೀಟಿನ ಪೆಡಲುಗಳಿಗೂ ಸ್ಟೀರಿಂಗಿಗೂ ಗೇರಿಗೂ ಮೋಟಾರು ಕೂರಿಸಿದ್ದಾರೆ. ಆಟದೊಳಗಿನ ಗಾಡಿ ಏನು ಮಾಡುತ್ತದೋ ಅದು ಕೈಕಾಲಿಗೆ ತಿಳಿಯುತ್ತದೆ.

"ಕಣ್ಣು ದೊಡ್ಡ ಸುಳ್ಳುಬುರುಕ" ಎನ್ನುತ್ತಾರೆ ಅವರು. "ಕೆಂಪು ಬಣ್ಣ, ಚೂಪು ಮೂತಿ ನೋಡಿದ ತಕ್ಷಣ ಇದು ಚಿರತೆ ಅಂದ್ಕೊಂಡುಬಿಡ್ತೀವಿ. ಕಣ್ಣು ಕಟ್ಟಿ ಓಡಿಸಿ ನೋಡಿ. ಅದೂ ಪಕ್ಕದ ವ್ಯಾನೂ ಒಂದೇ. ಒಂದೇ ಮೈ, ಅಂಗಿ ಬೇರೆ. ಅಂಥವನ್ನ ಹಿಡಿಯೋದೇ ನನ್ನ ಕೆಲಸ."

ಮೂರು ವರ್ಷಗಳಲ್ಲಿ ಅವರು ಹೀಗೆ ಹಿಡಿದ ಜೋಡಿಗಳು ನೂರ ಏಳು. ಹೋಲಿಸಿ ನೋಡಲೆಂದು ಬೇರೆ ಕಂಪನಿಗಳ ಆಟಗಳನ್ನೂ ಓಡಿಸುತ್ತಾರೆ. "ಒಂದರಲ್ಲಿ ನಾನ್ನೂರು ಗಾಡಿ ಇದೆ ಅಂತ ಡಂಗುರ ಹೊಡೀತಾರೆ. ಕಣ್ಣು ಕಟ್ಟಿ ಎಣಿಸಿದ್ರೆ ಇರೋದು ಆರೇ. ಇನ್ನೊಂದರಲ್ಲಿ ನಲವತ್ತೇ ನಲವತ್ತು, ಆದ್ರೆ ನಲವತ್ತೂ ಒಂದಕ್ಕಿಂತ ಒಂದು ಜಗಳಗಂಟಿ. ಒಂದು ತಿರುವಿನಲ್ಲಿ ಮೂತಿ ಉಬ್ಬಿಸುತ್ತೆ, ಇನ್ನೊಂದು ಹಿಂಭಾಗ ಕುಣಿಸುತ್ತೆ, ಮತ್ತೊಂದು ನೀವು ಹೇಳಿದ ಎಷ್ಟೋ ಹೊತ್ತಿಗೆ 'ಹಾಂ, ಏನಂದ್ರಿ?' ಅನ್ನುತ್ತೆ. ಆಡೋರಿಗೆ ಬೇಕಾಗಿರೋದು ಅದು. ಮನುಷ್ಯರ ಹಾಗೆ ಗಾಡಿಗೂ ಒಂದು ಸ್ವಭಾವ ಇರಬೇಕು."

ಅವರ ನೋಟ್‌ಪುಸ್ತಕದಲ್ಲಿ ಗಾಡಿಗಳ ಬಗ್ಗೆ ಬರೆದಿರುವ ಸಾಲುಗಳನ್ನು ಓದಿದರೆ ಸಂಬಂಧಿಕರ ಬಗ್ಗೆ ಬರೆದಂತಿದೆ. ಹದಿನೆಂಟನೇ ಗಾಡಿ: 'ಮಾತು ಕೇಳುತ್ತೆ, ಮನಸ್ಸಿಲ್ಲದೆ.' ತೊಂಬತ್ತನೇ ಲಾರಿ: 'ಹಿಂದೆ ಹೊರೆಯಿದೆ ಅಂತ ಕಾಣಿಸ್ತಿದೆ, ಬೆನ್ನಿಗೆ ಗೊತ್ತಾಗ್ತಿಲ್ಲ.' ನೂರ ಅರವತ್ತು: 'ಅವಸರದ ಅತ್ತೆ.' ಇನ್ನೂರ ಹದಿನಾಲ್ಕರ ಪುಟ ಮಾತ್ರ ಮೂರು ವಾರ ಖಾಲಿಯಿತ್ತು.

ಖಾಲಿ ಬಿಡಲು ಕಾರಣವಿತ್ತು. ಮೂರು ವಾರದ ಹಿಂದೆ ಮೊದಲ ಸಲ ಕಣ್ಣು ಕಟ್ಟಿ ಆ ಕೆಂಪು ಕಾರನ್ನು ಓಡಿಸಿದಾಗ ಸ್ಟೀರಿಂಗ್ ಎರಡು ಬೆರಳಿನಷ್ಟು ಸಡಿಲವಿತ್ತು. ಮೂರನೇ ಗೇರಿಗೆ ಹಾಕುವಾಗ ಲಿವರ್ ಒಮ್ಮೆ ಬೇಡವೆಂದು, ಆಮೇಲೆ ಒಪ್ಪಿಕೊಂಡಿತು. ನೇರ ದಾರಿಯಲ್ಲಿ ಗಾಡಿ ಕೂದಲೆಳೆಯಷ್ಟು ಬಲಕ್ಕೆ ಎಳೆಯಿತು. ಬ್ರೇಕಕ್ಕ ಟವೆಲ್ ಕಿತ್ತು ಪರದೆ ನೋಡಿದರು. ರಸ್ತೆಯಲ್ಲಿ ಹಿಂದೆಂದೂ ಕಾಣದ ಕಾರು. ಮತ್ತೆ ಕಣ್ಣು ಕಟ್ಟಿಕೊಂಡರು. ತಾವು ಹತ್ತೊಂಬತ್ತು ವರ್ಷ ಕೂತಿದ್ದ ಕಾರು.

ಬ್ರೇಕಕ್ಕ ಡ್ರೈವಿಂಗ್ ಕಲಿಸುತ್ತಿದ್ದವರು. ಅವರಿದ್ದ ಶಾಲೆಯಲ್ಲಿ ಇದ್ದದ್ದು ಒಂದೇ ಕಾರು, ಬಿಳಿಯದು, ಚಿಕ್ಕದು. ಕಲಿಯುವವರು ಬಲಗಡೆ, ಇವರು ಎಡಗಡೆ. ಇವರ ಕಾಲ ಬಳಿ ಇನ್ನೊಂದು ಬ್ರೇಕ್ ಪೆಡಲ್. ಅದನ್ನು ಒತ್ತಿದರೂ ಗಾಡಿ ನಿಲ್ಲುತ್ತದೆ. ಅವರ ಪಕ್ಕದಲ್ಲಿ ಕೂತು ಕಲಿತವರು ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಮಂದಿ. ಎಡ ತಿರುವು ಬಂದಾಗಲೆಲ್ಲ ಅವರ ಕಾಲು ಸ್ವಲ್ಪ ಒತ್ತುತ್ತಿತ್ತು. "ಹೊಸಬರು ಎಡಕ್ಕೆ ತಿರುಗಿಸುವಾಗ ಅಂಚಿಗೆ ಉಜ್ಜಿಕೊಂಡು ಹೋಗ್ತಾರೆ. ಅಂಚಲ್ಲಿ ಜನ ಇರ್ತಾರೆ. ಗಾಡಿ ಓಡಿಸೋರಿಗೆ ತಾವೇ ನಿಧಾನ ಮಾಡಿದ್ವಿ ಅನ್ನಿಸಬೇಕು, ಹಂಗೆ ಒತ್ತುತಿದ್ದೆ. ಒಬ್ಬರಿಗೂ ಗೊತ್ತಾಗ್ತಿರಲಿಲ್ಲ."

ಒಬ್ಬರಿಗೆ ಗೊತ್ತಾಗಿತ್ತು, ತಡವಾಗಿ. ಈ ಕಂಪನಿಯಲ್ಲಿ ಗಾಡಿಗಳ ಓಟದ ಲೆಕ್ಕ ಬರೆಯುವ ಎಂಜಿನಿಯರು ಅವರಲ್ಲೇ ಕಲಿತವರು. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದವರು. ಸದಾ ಗೆರೆ ಎಳೆದು ನೋಡುವುದರಿಂದ ಬ್ರೇಕಕ್ಕ ಅವರನ್ನು ಗ್ರಾಫಪ್ಪ ಎನ್ನುತ್ತಾರೆ. "ನಾನು ಸ್ವಂತ ಕಾರು ತಗೊಂಡ ವಾರವೇ ಎಡ ತಿರುವಿನಲ್ಲಿ ಕಂಬಕ್ಕೆ ಗುದ್ದಿದೆ" ಎಂದು ಗ್ರಾಫಪ್ಪ ನಗುತ್ತಾರೆ. "ಆಗ ಗೊತ್ತಾಯ್ತು, ಇಷ್ಟು ದಿನ ತಿರುಗಿಸ್ತಿದ್ದದ್ದು ನಾನು, ನಿಧಾನ ಮಾಡ್ತಿದ್ದದ್ದು ಅಕ್ಕ ಅಂತ." ಅದೇ ನೆನಪಿನಿಂದ ಮೂರು ವರ್ಷದ ಹಿಂದೆ ಅವರೇ ಹುಡುಕಿಕೊಂಡು ಹೋಗಿ ಅಕ್ಕನನ್ನು ಇಲ್ಲಿಗೆ ಕರೆತಂದರು. ಆ ಹೊತ್ತಿಗೆ ಬ್ರೇಕಕ್ಕ ಕಾರಿನಲ್ಲಿ ಕೂರದೆ ಎಂಟು ವರ್ಷವಾಗಿತ್ತು. ಕಲಿಸುವ ಸೀಟಿನಲ್ಲೂ ಇಲ್ಲ, ಓಡಿಸುವ ಸೀಟಿನಲ್ಲೂ ಇಲ್ಲ. "ಚಕ್ರ ಇಲ್ಲದ ಗಾಡಿ ಅಂತ ಹೇಳಿದ್ದಕ್ಕೆ ಒಪ್ಕೊಂಡೆ" ಎನ್ನುತ್ತಾರೆ.

ಇಂದಿಗೆ ಹನ್ನೊಂದು ವರ್ಷದ ಹಿಂದಿನ ಮಾತು. ಬೆಳಗಿನ ಆರೂವರೆ, ರಸ್ತೆ ಒದ್ದೆ. ಕಲಿಯುತ್ತಿದ್ದವರು ಒಬ್ಬ ಶಾಲಾ ಶಿಕ್ಷಕಿ, ಏಳನೇ ದಿನದ ಪಾಠ. ಎಡ ತಿರುವಿನಲ್ಲಿ ಗೋಡೆಯ ಮರೆಯಿಂದ ಒಂದು ಸೈಕಲ್ಲು ಬಂತು. ಸೈಕಲ್ಲಿನವರು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದವರು, ಒಲೆಯ ಪಾಳಿ ಮುಗಿಸಿ ಮನೆಗೆ ಹೊರಟಿದ್ದರು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಚಾರಣೆಯಲ್ಲಿ ಶಿಕ್ಷಕಿ ತಾನು ಬ್ರೇಕ್ ಒತ್ತಿದೆ, ಪಕ್ಕದವರು ಒತ್ತಲಿಲ್ಲ ಎಂದರು. ಡ್ರೈವಿಂಗ್ ಶಾಲೆಯ ಮಾಲೀಕರೂ ಅದನ್ನೇ ಹೇಳಿ ಕೈ ತೊಳೆದುಕೊಂಡರು. ಬ್ರೇಕಕ್ಕನನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: ನೆನಪಿಲ್ಲ.

"ಸುಳ್ಳಲ್ಲ ಅದು" ಎನ್ನುತ್ತಾರೆ. ಸ್ವರ ತಗ್ಗುತ್ತದೆ. "ಸೈಕಲ್ಲಿನ ಗಂಟೆ ನೆನಪಿದೆ. ಅವರ ಸ್ವೆಟರಿನ ಬಣ್ಣ ನೆನಪಿದೆ. ಕಾಲು ಮಾತ್ರ ನೆನಪಿಲ್ಲ. ಒತ್ತಿದ್ನೋ, ಕಲ್ಲಿನ ಹಾಗೆ ಕೂತಿದ್ನೋ. ಹನ್ನೊಂದು ವರ್ಷ ಈ ಕಾಲನ್ನೇ ಕೇಳಿದೀನಿ. ಹೇಳಲ್ಲ."

ಯಾರ ತಪ್ಪೆಂದೂ ಸಾಬೀತಾಗದೆ ವಿಚಾರಣೆ ಮುಗಿಯಿತು. ಶಾಲೆ ಮುಚ್ಚಿತು, ಕಾರು ಮಾರಾಟವಾಯಿತು. ಮನೆಯಲ್ಲಿ ಗಂಡ ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಅವರು ಲಿಫ್ಟ್ ರಿಪೇರಿ ಮಾಡುವವರು. ಕಡಿಮೆ ಮಾತಿನ ಮನುಷ್ಯ. ಆಡಿದರೂ ಸ್ಪ್ಯಾನರಿನ ಜೊತೆ.

ಹೀಗಿರುವಾಗ ಮೂರು ವಾರದ ಹಿಂದೆ ಆ ಕಾರು ಕೆಂಪು ಅಂಗಿ ತೊಟ್ಟು ಇವರ ಪಾದದಡಿಗೆ ಬಂತು. ಬಂದದ್ದು ಒಂಟಿಯಾಗಿಯೂ ಅಲ್ಲ. ಎಡ ತಿರುವು ಬಂದಾಗಲೆಲ್ಲ ಅದರ ಬ್ರೇಕನ್ನು ಇನ್ಯಾರೋ ಒತ್ತುತ್ತಿದ್ದರು. ಹೇಳಿದರೆ ಅಕ್ಕನಿಗೆ ತಲೆ ಕೆಟ್ಟಿದೆ ಎಂದಾರು ಎಂದು ಬ್ರೇಕಕ್ಕ ಬಾಯಿಬಿಡಲಿಲ್ಲ. ಆದರೆ ಇನ್ನೊಬ್ಬರು ನೋಡಿಯಾಗಿತ್ತು.

"ಅಮ್ಮಾ, ನಾನಿನ್ನು ಆ ರೂಮಿಗೆ ಕಾಲಿಡಲ್ಲ" ಎಂದು ಒಂದು ಬೆಳಿಗ್ಗೆ ಕಾವಲುಗಾರ ಮೆಟ್ಟಿಲ ಬಳಿಯೇ ಅಡ್ಡ ನಿಂತರು. "ಲೈಟ್ ಆರಿಸೋಣ ಅಂತ ಹೋದೆ. ಟಿವಿಯಲ್ಲಿ ಕೆಂಪು ಕಾರು ಓಡ್ತಾ ಇದೆ. ಸೀಟಲ್ಲಿ ಯಾರೂ ಇಲ್ಲ. ಕೆಳಗೆ ಪೆಡಲ್ ಹೋಗುತ್ತೆ, ಬರುತ್ತೆ, ಹೋಗುತ್ತೆ, ಬರುತ್ತೆ."

"ಅದು ತಾನಾಗೇ ಓಡೋ ಹಾಗೆ ಬಿಟ್ಟಿರ್ತಾರಪ್ಪ, ಚೆಕ್ ಮಾಡೋಕೆ."

"ಅದಕ್ಕೂ ಮುಂಚೆ ಬೇರೆ ಗಾಡಿ ಓಡ್ತಿತ್ತಲ್ಲಮ್ಮ, ನೀಲಿದು. ಅದರ ಪೆಡಲ್ ಗಟ್ಟಿ ತಳ ಮುಟ್ಟಿ ಬರುತ್ತೆ, ಮಿಷಿನ್ ಥರ. ಇದು ಹಂಗಲ್ಲ." ಕಾವಲುಗಾರ ತಮ್ಮ ಬೂಟುಗಾಲನ್ನು ಎತ್ತಿ, ನಿದ್ದೆಯಲ್ಲಿರುವ ಮಗುವಿನ ಮೇಲೆ ಹೊದಿಕೆ ಎಳೆದಷ್ಟು ಮೆತ್ತಗೆ ಇಳಿಸಿ ತೋರಿಸಿದರು. "ಇದು ಹಿಂಗೆ. ಇದು ಮನುಷ್ಯರದು."

ಕಂಡದ್ದು ತನಗೊಬ್ಬಳಿಗೇ ಅಲ್ಲವೆಂದು ತಿಳಿದು ಬ್ರೇಕಕ್ಕ ಕರೆದದ್ದರಿಂದ ಈ ಸೋಮವಾರ ಬೆಳಿಗ್ಗೆ ಎಂಟಕ್ಕೇ ಗ್ರಾಫಪ್ಪ ಬಂದಿದ್ದಾರೆ. ಶನಿವಾರ ಗಾಡಿಗಳ ಕೊನೆಯ ಪಟ್ಟಿ ಹೋಗಬೇಕು. ಆಟದ ಡಬ್ಬದ ಮೇಲೆ 'ಮುನ್ನೂರು' ಎಂದು ಅಚ್ಚಾಗಿಬಿಟ್ಟಿದೆ. ಒಂದು ಕಡಿಮೆಯಾದರೂ ದೊಡ್ಡವರು, ಅಂದರೆ ಕಂಪನಿಯ ಯಜಮಾನರು, ಸುಮ್ಮನಿರುವವರಲ್ಲ. ಇನ್ನೂರ ಹದಿನಾಲ್ಕರ ಪುಟವನ್ನು ಖಾಲಿ ಬಿಡುವಂತಿಲ್ಲ.

"ಗ್ರಾಫಪ್ಪ, ನೀನೇ ಕೂತ್ಕೋ. ಏಳನೇ ತಿರುವಿನಲ್ಲಿ ಬ್ರೇಕ್ ಮುಟ್ಟಬೇಡ."

"ಮುಟ್ಟದಿದ್ರೆ ಗೋಡೆಗೆ ಹೊಡೀತೀನಲ್ಲ ಅಕ್ಕ. ಹೊಡೆಯೋದ್ರಲ್ಲಿ ನನಗೆ ಮೊದಲೇ ಅನುಭವ ಇದೆ."

"ಹೊಡಿ. ಇಲ್ಲಿ ಯಾರೂ ಸಾಯಲ್ಲ."

ಹೇಳಿದ ಮೇಲೆ ಅವರು ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಗ್ರಾಫಪ್ಪ ಓಡಿಸುತ್ತಾರೆ. ಪೆಡಲ್ ಇಳಿಯುತ್ತದೆ. ಗ್ರಾಫಪ್ಪ ಕಾಲನ್ನು ಬೆಂಕಿಯಿಂದ ಎತ್ತುವಂತೆ ಎತ್ತಿಕೊಳ್ಳುತ್ತಾರೆ. ಮತ್ತೊಂದು ಸುತ್ತು. ಮಗದೊಂದು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಗೆರೆಗಳನ್ನು ತೆರೆಯುತ್ತಾರೆ. ಅರ್ಧ ಗಂಟೆ ಹುಡುಕುತ್ತಾರೆ.

ತಪ್ಪು ಸಿಕ್ಕಿತು. ಮಾಡಿದ್ದು ಗ್ರಾಫಪ್ಪನೇ. ಆಟದ ಗಾಡಿಗಳಿಗೆ ನಿಜವಾದ ಸ್ವಭಾವ ಬರಲೆಂದು ಕಂಪನಿ ಹಳೆಯ ದಾಖಲೆಗಳನ್ನು ಕೊಂಡಿತ್ತು. ವರ್ಷಗಳ ಹಿಂದೆ ಯಾರೋ ಊರಿನ ನೂರಾರು ವಾಹನಗಳ ಸೀಟಿನಡಿ ಸಣ್ಣ ಪೆಟ್ಟಿಗೆ ಇಟ್ಟು, ವೇಗ, ಸ್ಟೀರಿಂಗ್, ಗೇರ್, ಬ್ರೇಕು, ಆಕ್ಸಿಲರೇಟರ್ ಎಲ್ಲವನ್ನೂ ಕ್ಷಣಕ್ಷಣಕ್ಕೂ ಬರೆದಿಟ್ಟುಕೊಂಡಿದ್ದರು. ಯಾರ ಗಾಡಿಯೆಂಬ ಹೆಸರಿಲ್ಲ, ಬರೀ ನಂಬರು. ಅದರಲ್ಲಿ ಒಂದು ಗಾಡಿಯ ದಾಖಲೆ ವಿಚಿತ್ರವಾಗಿತ್ತು. ಓಡಿಸುವವರು ಆಕ್ಸಿಲರೇಟರಿನ ಮೇಲಿನ ಕಾಲನ್ನು ತೆಗೆಯದಿದ್ದರೂ ಎಡ ತಿರುವಿನಲ್ಲಿ ಬ್ರೇಕು ಬೀಳುತ್ತಿತ್ತು. ಒಂದೇ ಬಲಗಾಲು ಎರಡು ಪೆಡಲನ್ನು ಒಟ್ಟಿಗೆ ಒತ್ತುವುದಿಲ್ಲ. ಆದ್ದರಿಂದ ಇದು ಗಾಡಿಯದೇ ಗುಣ ಎಂದುಕೊಂಡು ಗ್ರಾಫಪ್ಪ ಅದನ್ನು ಕಾರಿನ ಸ್ವಭಾವಕ್ಕೆ ಸೇರಿಸಿಬಿಟ್ಟಿದ್ದರು. ಆ ಗಾಡಿಯಲ್ಲಿ ಎರಡನೇ ಬ್ರೇಕು, ಎರಡನೇ ಕಾಲು ಇದ್ದಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಆಮೇಲೆ ಚಿತ್ರಕಾರರು ಆ ಸ್ವಭಾವಕ್ಕೆ ಕೆಂಪು ಮೈ ತೊಡಿಸಿದ್ದರು.

"ಎಷ್ಟು ದಿನದ ದಾಖಲೆ?" ಎಂದು ಕೇಳುತ್ತಾರೆ ಬ್ರೇಕಕ್ಕ.

"ನಾಲ್ಕು ತಿಂಗಳು. ಹನ್ನೊಂದು ವರ್ಷದ ಹಿಂದಿನದು."

"ಹೌದು. ಪುಕ್ಕಟೆ ಸರ್ವೀಸ್ ಮಾಡಿಕೊಡ್ತೀವಿ ಅಂತ ಇಬ್ಬರು ಬಂದು ಸೀಟಿನ ಕೆಳಗೆ ಏನೋ ಇಟ್ಟು ಹೋಗಿದ್ರು. ಮಾಲೀಕರೂ ಮರೆತಿದ್ರು, ನಾನೂ ಮರೆತಿದ್ದೆ." ಅವರು ಸೀಟಿನ ಅಂಚನ್ನು ಹಿಡಿದುಕೊಳ್ಳುತ್ತಾರೆ. "ಹಂಗಾದ್ರೆ ಮೂರು ವಾರದಿಂದ ನನ್ನ ಕಾಲಡಿ ಬರ್ತಿದ್ದದ್ದು..."

"ನಿಮ್ಮದೇ ಕಾಲು ಅಕ್ಕ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನ ನಲವತ್ತೊಂದನೇ ವಯಸ್ಸಿನ ಕಾಲು ಹೀಗೆ ತನ್ನಿಂದ ಬೇರೆಯಾಗಿ, ಬೇರೆ ಮೈಯೊಳಗೆ, ತಿರುವು ಬಂದಾಗಲೆಲ್ಲ ಜೋಪಾನವಾಗಿ ಒತ್ತುತ್ತ ಉಳಿದಿತ್ತೆಂಬುದು ದೆವ್ವವೆಂದುಕೊಂಡದ್ದಕ್ಕಿಂತ ಹೆಚ್ಚು ಚಳಿ ಹುಟ್ಟಿಸಿತು ಎನ್ನುತ್ತಾರೆ ಬ್ರೇಕಕ್ಕ. "ದೆವ್ವ ಆಗಿದ್ರೆ ಬೈದು ಓಡಿಸಬಹುದಿತ್ತು. ನನ್ನ ಕಾಲನ್ನ ಏನಂತ ಬೈಯಲಿ?"

ಗ್ರಾಫಪ್ಪ ಇನ್ನೊಂದು ಮಾತನ್ನೂ ಹೇಳುತ್ತಾರೆ. ದಾಖಲೆಯ ಕೊನೆಯ ಓಟ ಒಂದು ಬೆಳಿಗ್ಗೆ ಆರೂವರೆಗೆ ನಿಂತಿದೆ. ಅದಾದ ಮೇಲೆ ಆ ಗಾಡಿ ಓಡಿಲ್ಲ.

"ಅದೂ ಇದೆಯಾ?"

"ಇದೆ. ಬ್ರೇಕೂ ಇದೆ, ಆಕ್ಸಿಲರೇಟರೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರ ಕಾಲು ಯಾವಾಗ ಬಂತು ಅಂತ ಗೊತ್ತಾಗುತ್ತೆ. ನಾನು ತೆರೆದಿಲ್ಲಕ್ಕ. ನೀವು ಹೇಳದೆ ತೆರೆಯಲ್ಲ. ಆದ್ರೆ ಮೂಲ ದಾಖಲೆಯನ್ನೆಲ್ಲ ಶನಿವಾರ ಅಳಿಸಿಬಿಡಬೇಕು, ಕೊಂಡಾಗ ಹಾಗಂತ ಬರೆದುಕೊಟ್ಟಿದೀವಿ."

ಆ ವಾರ ಬ್ರೇಕಕ್ಕ ದಿನಕ್ಕೆ ಇಪ್ಪತ್ತೆರಡರ ಬದಲು ಇಪ್ಪತ್ತೊಂಬತ್ತು ಗಾಡಿ ಓಡಿಸುತ್ತಾರೆ. ಮಂಗಳವಾರ ಒಂದು ಅಗ್ನಿಶಾಮಕ ಗಾಡಿಗೂ ಒಂದು ಬಸ್ಸಿಗೂ ಒಂದೇ ಮೈ ಎಂದು ಹಿಡಿಯುತ್ತಾರೆ. ಬುಧವಾರ ದೊಡ್ಡವರು ಬಾಗಿಲಲ್ಲಿ ತಲೆ ಹಾಕಿ, "ಏನಮ್ಮ, ಮುನ್ನೂರೂ ಇವೆಯಲ್ಲ?" ಎನ್ನುತ್ತಾರೆ. "ಇವೆ ಸಾರ್. ಇನ್ನೂರ ತೊಂಬತ್ತೊಂಬತ್ತು ಗಾಡಿ, ಒಂದು ಪ್ರಶ್ನೆ" ಎಂಬ ಉತ್ತರ ಅವರಿಗೆ ಅರ್ಥವಾಗುವುದಿಲ್ಲ. ನಕ್ಕು ಹೋಗುತ್ತಾರೆ.

ಮನೆ ನಾಲ್ಕನೇ ಮಹಡಿಯಲ್ಲಿ, ಎರಡು ಕೋಣೆ. ಆ ಕಟ್ಟಡಕ್ಕೆ ಲಿಫ್ಟಿಲ್ಲ ಎಂಬುದು ಗಂಡಹೆಂಡಿರ ಹಳೆಯ ತಮಾಷೆ. ಗುರುವಾರ ಬೆಳಿಗ್ಗೆ ನಾಲ್ಕೂಕಾಲಿಗೆ ಬ್ರೇಕಕ್ಕ ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಎಲ್ಲವನ್ನೂ ಹೇಳುತ್ತಾರೆ. ಅವರು ಹಾಲಿನ ಪಾತ್ರೆಯ ಮೇಲಿನ ಕಣ್ಣು ತೆಗೆಯುವುದಿಲ್ಲ.

"ಒತ್ತಿಲ್ಲ ಅಂತ ಬಂದ್ರೆ?" ಎನ್ನುತ್ತಾರೆ ಇವರು.

"ಬಂದ್ರೆ ಬಂತು."

"ಅಷ್ಟೇನಾ ನೀವು ಹೇಳೋದು?"

"ಹನ್ನೊಂದು ವರ್ಷದಿಂದ ಮಲಗಿದಾಗ ಕಾಲು ಜಾಡಿಸ್ತೀಯ. ನನ್ನ ಮೊಣಕಾಲು ನೋಡು, ನೀಲಿ" ಎನ್ನುತ್ತಾರೆ ಗಂಡ. "ಯಾವುದಾದ್ರೂ ಒಂದು ಗೊತ್ತಾಗಲಿ. ನನಗೂ ನಿದ್ದೆ ಬೇಕು."

ಶುಕ್ರವಾರ, ಬೆಳಗಿನ ಐದೂವರೆ. ಗ್ರಾಫಪ್ಪ ಕೊನೆಯ ಓಟವನ್ನು ಇದ್ದ ಹಾಗೇ ಸೀಟಿಗೆ ಜೋಡಿಸುತ್ತಾರೆ. ಗೆರೆ ನೋಡುವುದು ಬೇಡ, ಕಾಲಿಗೇ ಹೇಳಲಿ ಎಂದವರು ಬ್ರೇಕಕ್ಕನೇ. ಪರದೆ ಖಾಲಿ. ದಾಖಲೆಯಲ್ಲಿ ಚಿತ್ರವಿಲ್ಲ, ಶಬ್ದವಿಲ್ಲ. ಅವರು ಕಣ್ಣಿಗೆ ಟವೆಲ್ ಕಟ್ಟಿ, ಬಲಗಾಲನ್ನು ಆಕ್ಸಿಲರೇಟರಿನ ಮೇಲೂ ಎಡಗಾಲನ್ನು ಬ್ರೇಕಿನ ಮೇಲೂ ಇಡುತ್ತಾರೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಓಡಿಸುತ್ತಿರುವವರು ಅವರಲ್ಲ.

ಸ್ಟೀರಿಂಗ್ ತಾನಾಗಿ ತಿರುಗುತ್ತದೆ. ಗಾಬರಿಯ ಕೈ, ಹೆಚ್ಚಾಗಿ ತಿರುಗಿಸಿ ಸರಿಮಾಡಿಕೊಳ್ಳುವ ಕೈ. "ಶಿಕ್ಷಕಿ" ಎನ್ನುತ್ತಾರೆ ಬ್ರೇಕಕ್ಕ. ಗೇರ್ ಎರಡಕ್ಕೆ ಬೀಳುತ್ತದೆ. ಬ್ರೇಕು ಮೆತ್ತಗೆ ಇಳಿದು ಏರುತ್ತದೆ, ಒಂದು ಎಡ ತಿರುವು ದಾಟಿತು. "ನಾನು." ಬಾಗಿಲ ಹೊರಗೆ ನಿಂತಿರುವ ಕಾವಲುಗಾರ ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ಹನ್ನೊಂದು ನಿಮಿಷ ಖಾಲಿ ಪರದೆಯ ಮುಂದೆ ಆ ಬೆಳಗಿನ ಪಾಠ ನಡೆಯುತ್ತದೆ. ಬ್ರೇಕಕ್ಕನ ತುಟಿಗಳು ಅಲ್ಲಾಡುತ್ತಿವೆ: ಕನ್ನಡಿ ನೋಡಿ, ಕ್ಲಚ್ ಬಿಡಿ, ನಿಧಾನ, ನಿಧಾನ.

ಸ್ಟೀರಿಂಗ್ ಎಡಕ್ಕೆ ಹೊರಳುತ್ತದೆ. ಬ್ರೇಕು ಎಂದಿನಂತೆ ಒಂದು ಬೆರಳಿನಷ್ಟು ಇಳಿಯುತ್ತದೆ. ಮರುಕ್ಷಣ ನೆಲಕ್ಕೆ ಬಡಿದು ಕೂರುತ್ತದೆ. ಪಕ್ಕದಲ್ಲಿ ಆಕ್ಸಿಲರೇಟರ್ ಮೇಲೆ ಬರಬೇಕಿತ್ತು. ಅದೂ ಕೆಳಗಿಳಿಯುತ್ತದೆ, ತಳದವರೆಗೆ. ಬ್ರೇಕಕ್ಕನ ಎರಡೂ ಕಾಲುಗಳು ಒಟ್ಟಿಗೆ ನೆಲ ಮುಟ್ಟಿವೆ. ಸ್ಟೀರಿಂಗ್ ಒಮ್ಮೆ ಅದುರುತ್ತದೆ, ಸಣ್ಣಗೆ, ಕಲ್ಲು ಹತ್ತಿದ ಹಾಗೆ. ಆಮೇಲೆ ಎಲ್ಲ ನಿಲ್ಲುತ್ತದೆ.

"ಬ್ರೇಕು ಮೊದಲು ಬಂತು" ಎನ್ನುತ್ತಾರೆ ಗ್ರಾಫಪ್ಪ. ಕಂಪ್ಯೂಟರಿನ ಗೆರೆಗಳನ್ನು ಓದುತ್ತಾರೆ. "ಅದುರೋದಕ್ಕೆ ಒಂದು ಸೆಕೆಂಡು, ಮೂರು ಹತ್ತಾಂಶ ಮುಂಚೆ. ಆಗ ಆಕ್ಸಿಲರೇಟರ್ ಮೇಲೆ ಆ ಶಿಕ್ಷಕಿಯ ಕಾಲಿತ್ತು. ಗಾಬರಿಯಲ್ಲಿ ಅದನ್ನೇ ಬ್ರೇಕು ಅಂದ್ಕೊಂಡು ಒತ್ತಿದಾರೆ. ಬ್ರೇಕು ನಿಮ್ಮದು ಅಕ್ಕ. ಪೂರ್ತಿ ಒತ್ತಿದೀರಿ."

ಬ್ರೇಕಕ್ಕ ಕಾಲು ತೆಗೆಯುವುದಿಲ್ಲ. ಟವೆಲ್ ಬಿಚ್ಚುವುದೂ ಇಲ್ಲ. ಗ್ರಾಫಪ್ಪ ನಿಲ್ಲಿಸಲೆಂದು ಗುಂಡಿಗೆ ಕೈ ಹಾಕುತ್ತಾರೆ.

"ಇರು" ಎನ್ನುತ್ತಾರೆ ಅವರು. "ಇನ್ನೂ ಎತ್ತಿಲ್ಲ."

ಆಕ್ಸಿಲರೇಟರ್ ಮೇಲೆ ಬಂದಿದೆ, ಶಿಕ್ಷಕಿ ಇಳಿದು ಓಡಿರಬೇಕು. ಬ್ರೇಕು ಮಾತ್ರ ತಳದಲ್ಲೇ ಇದೆ. ಎಂಜಿನ್ ನಿಂತುಹೋಗಿದೆ, ಗಾಡಿ ಅಲ್ಲಾಡುತ್ತಿಲ್ಲ, ಒತ್ತಲು ಏನೂ ಉಳಿದಿಲ್ಲ. ಆದರೂ ಆ ಕಾಲು ಒತ್ತಿಕೊಂಡೇ ಇದೆ. ಗ್ರಾಫಪ್ಪ ದಾಖಲೆಯನ್ನು ಮುಂದಕ್ಕೆ ಓಡಿಸುವುದಿಲ್ಲ. ಐದು ನಿಮಿಷ. ಹತ್ತು. ಕಿಟಕಿಗೆ ಅಂಟಿಸಿದ ಕಪ್ಪು ಕಾಗದದ ಅಂಚಿನಲ್ಲಿ ಬೆಳಕು ಗೆರೆಯಾಗುತ್ತದೆ. ಪೆಡಲ್ ನಡುಗುತ್ತಿದೆ, ದಣಿದ ಸ್ನಾಯು ನಡುಗುವ ಹಾಗೆ. ಅದರ ಮೇಲಿಟ್ಟ ಪಾದವೂ ನಡುಗುತ್ತಿದೆ. ಯಾವುದರಿಂದ ಯಾವುದು ನಡುಗುತ್ತಿದೆಯೆಂದು ಹೇಳಲಾಗದು. ಇಪ್ಪತ್ತು ನಿಮಿಷ. ಕಾವಲುಗಾರ ಯಾವಾಗಲೋ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾರೆ.

ಇಪ್ಪತ್ತಾರನೇ ನಿಮಿಷದಲ್ಲಿ ಪೆಡಲ್ ಮೇಲೆ ಬರುತ್ತದೆ. ಕಾಲು ತಾನಾಗಿ ತೆಗೆದಂತಲ್ಲ. ಸ್ವಲ್ಪ ಮೇಲೆ ಬಂದು, ಮತ್ತೆ ಹಟ ಹಿಡಿದು ಇಳಿದು, ಆಮೇಲೆ ನಿಧಾನವಾಗಿ ಪೂರ್ತಿ ಏರುತ್ತದೆ. ಯಾರೋ ಎರಡೂ ಕೈಯಲ್ಲಿ ಹಿಡಿದು ಎತ್ತಿದ ಹಾಗೆ.

ಆ ಮಧ್ಯಾಹ್ನ ಮನೆಗೆ ಹೋದ ಬ್ರೇಕಕ್ಕ ಗಂಡ ಊಟಕ್ಕೆ ಬರುವವರೆಗೆ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಿರುತ್ತಾರೆ. ಗಂಡ ಬಂದು, ಮುಖ ನೋಡಿ, ಕೈಚೀಲ ಕೆಳಗಿಡುತ್ತಾರೆ.

"ಒತ್ತಿದ್ದೆ" ಎನ್ನುತ್ತಾರೆ ಇವರು. "ಇಪ್ಪತ್ತಾರು ನಿಮಿಷ ಬಿಡಲೇ ಇಲ್ಲವಂತೆ. ಯಾರೋ ಬಂದು ಎತ್ತಿದಾರೆ."

"ನಾನೇ" ಎನ್ನುತ್ತಾರೆ ಗಂಡ.

ಅವರು ಗೋಡೆಗೊರಗಿ ಕೂರುತ್ತಾರೆ. "ಸುದ್ದಿ ಬಂತು, ಓಡಿ ಬಂದೆ. ನೀನು ನೆಟ್ಟಗೆ ಕೂತಿದ್ದೆ. ಕರೆದ್ರೆ ಓ ಅನ್ನಲಿಲ್ಲ. ಕಾಲು ಪೆಡಲಿಗೆ ಬೆಸುಗೆ ಹಾಕಿದ ಹಾಗಿತ್ತು. ಬಗ್ಗಿ ಎತ್ತಿದೆ, ಮತ್ತೆ ಒತ್ತಿದೆ ನೀನು. ಆಮೇಲೆ ಎರಡು ಕೈ ಹಾಕಿ ಎತ್ತಿದೆ."

"ಗೊತ್ತಿದ್ರೆ ಯಾಕೆ ಹೇಳಲಿಲ್ಲ ಇಷ್ಟು ವರ್ಷ?"

"ಏನಂತ ಹೇಳಲಿ? ನಾನು ಬಂದಾಗ ಕಾಲು ಪೆಡಲ್ ಮೇಲಿತ್ತು ಅಂತ ತಾನೆ? 'ಹಂಗಾದ್ರೆ ಗುದ್ದಿದ ಮೇಲೆ ಒತ್ತಿದೀನಿ' ಅಂತ ನೀನೇ ತೀರ್ಪು ಕೊಟ್ಟುಕೊಳ್ತಿದ್ದೆ. ಗೊತ್ತಿಲ್ಲ ಅನ್ನೋದಾದ್ರೂ ಇರಲಿ ಅಂತ ಬಿಟ್ಟೆ."

ಬ್ರೇಕಕ್ಕ ಬಹಳ ಹೊತ್ತು ಗಂಡನ ಕೈಗಳನ್ನು ನೋಡುತ್ತಾರೆ. ಗ್ರೀಸು ಮೆತ್ತಿದ, ಉಗುರು ಒಡೆದ ಕೈಗಳು. "ಮೊಣಕಾಲು ತೋರಿಸಿ" ಎನ್ನುತ್ತಾರೆ ಕೊನೆಗೆ. "ಎಣ್ಣೆ ಹಚ್ತೀನಿ."

ಶನಿವಾರ ಪಟ್ಟಿ ಹೋಯಿತು. ಮುನ್ನೂರೂ ಇದ್ದವು. ಆ ಕೆಂಪು ಕಾರಿನಿಂದ ಎರಡನೇ ಕಾಲನ್ನು ಗ್ರಾಫಪ್ಪ ತೆಗೆದರು, ಮೂಲ ದಾಖಲೆ ಅಳಿಸಿದರು. ಸರಿಯಾಗಿದೆಯೇ ಎಂದು ಬ್ರೇಕಕ್ಕ ಮೂರು ಸುತ್ತು ಓಡಿಸಿ ನೋಡಿದರು. ಏಳನೇ ತಿರುವಿನಲ್ಲಿ ಕಾಲಡಿ ಏನೂ ಅಲ್ಲಾಡಲಿಲ್ಲ. "ಕೆಲಸ ಸರಿಯಾಗಿದೆ. ಆದ್ರೆ ಒಂಟಿ ಅನ್ನಿಸಿತು" ಎಂದಷ್ಟೇ ಹೇಳುತ್ತಾರೆ. ಆಟ ಅಂಗಡಿಗೆ ಬಂದಾಗ ಕೊನೆಯಲ್ಲಿ ಕೆಲಸ ಮಾಡಿದವರೆಲ್ಲರ ಹೆಸರು ಓಡುತ್ತದಂತೆ, ನಾನ್ನೂರಕ್ಕೂ ಹೆಚ್ಚು. ಅದನ್ನು ನೋಡಲು ತಾಳ್ಮೆ ಇರುವವರು ಅಪರೂಪ. ತಮ್ಮ ಹೆಸರು ಅದರಲ್ಲಿದೆಯೇ ಎಂದು ಬ್ರೇಕಕ್ಕ ಕೇಳಿಲ್ಲ.

ಅವರು ಕೇಳಿ ತಿಳಿದುಕೊಂಡಿರುವುದು ಇನ್ನೊಂದನ್ನು. ಆ ಬೇಕರಿ ಈಗಲೂ ಇದೆ. ತೀರಿಕೊಂಡವರ ಹೆಂಡತಿ ಅಲ್ಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಾರೆ, ಬೆಳಿಗ್ಗೆ ಆರರಿಂದ.

"ಈ ಭಾನುವಾರ ಹೋಗಬೇಕು ಅಂತಿದೆ" ಎನ್ನುತ್ತಾರೆ ಬ್ರೇಕಕ್ಕ. "ಕ್ಷಮಿಸಿ ಅಂತ ಕೇಳಿಕೊಳ್ಳೋಕಲ್ಲ. ಅವರು ನನ್ನನ್ನ ಹೊರಗೆ ಹೋಗು ಅಂದ್ರೂ ಸರಿ. ಹನ್ನೊಂದು ವರ್ಷದ ಹಿಂದೆ, ವಿಚಾರಣೆ ದಿನ, ಅವರು ನನ್ನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದ್ರು. ಆಗ ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಇದೆ. ಒತ್ತಿದ್ದೆ ಅಮ್ಮ, ಸಾಲಲಿಲ್ಲ. ಅಷ್ಟು ಹೇಳಿ ಬಂದರೆ ಸಾಕು ನನಗೆ."